ಕರೆಂಟು ಹೋದರೂ ಏಳದ ಕೂಸು

ಬನಹಟ್ಟಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹನ್ನೊಂದು

ಯವ್ವಾ ಮಹಾನಂದಾ,

ತಾರೀಖು ನೋಡಿ ನಗಬೇಡ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಎಪ್ಪತ್ತು ವರ್ಷವಾಯಿತು. ತಿಂಗಳುಗಳಲ್ಲಿ ಹೆಚ್ಚುಕಡಿಮೆ ಇರಬಾರದೆಂದು ದೊಡ್ಡವರೆಲ್ಲ ಕೂತು ತೀರ್ಮಾನಿಸಿದರು, ಅವರಿಗೆ ಬೇರೆ ಕೆಲಸವಿರಲಿಲ್ಲ. ಈ ಪತ್ರದಲ್ಲಿ ನಿನಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ನಾನು ತಂಗೆವ್ವ. ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ನಾನು ಕೇಳಿದ ನಿನ್ನ ದನಿಗೆ ಇಪ್ಪತ್ತಮೂರು ವರ್ಷ, ನನಗೆ ಅರವತ್ತಾರು. ನಿನ್ನನ್ನು ಅಜ್ಜಿ ಎನ್ನಲು ನಾಲಿಗೆ ಏಳುವುದಿಲ್ಲ, ಮಗಳೇ ಎಂದರೆ ಅಧಿಕಪ್ರಸಂಗವಾಗುತ್ತದೆ. ಯವ್ವಾ ಎಂಬುದು ನಮ್ಮ ಕಡೆ ತಾಯಿಗೂ ಸಲ್ಲುತ್ತದೆ, ಮಗಳಿಗೂ ಸಲ್ಲುತ್ತದೆ. ಅದಕ್ಕೇ ಹಾಗೆ ಕರೆದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಇದು ಹಿಂದಂಚೆಯಲ್ಲಿ ಬರುವ ಪತ್ರ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ಜನ ಅದನ್ನು ಜೋಪಾನವಾಗಿ ಇಟ್ಟುಕೊಂಡು, ಯಾವನೋ ಅಜ್ಜನಿಗೆ ಆ ಹೊಲ ಮಾರಬೇಡ ಎಂದೋ, ಯಾವಳೋ ಅತ್ತೆಗೆ ಆ ಶೇಂಗಾ ಹೋಳಿಗೆಗೆ ಏನೇನು ಹಾಕುತ್ತಿದ್ದೆ ಎಂದೋ ಬರೆಯುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಕೌಂಟರಿನಲ್ಲಿ ಕೂತಾಕೆಯೇ ನನಗೆ, "ಮುಟ್ಟತೈತಿ ಅಂತ ಗ್ಯಾರಂಟಿ ಇಲ್ರೀ ಅಜ್ಜಿ, ವಿಚಾರ ಮಾಡ್ರಿ" ಎಂದಳು. ವಿಚಾರ ಮಾಡಿಯೇ ಬಂದೀನಿ ಕೊಡವಾ ಕಾಗದ ಎಂದೆ. ಮುಟ್ಟದಿದ್ದರೆ ಹೋಗಲಿ, ಹೇಳಬೇಕಾದ್ದನ್ನು ಹೇಳದೆ ನನಗೆ ಅನ್ನ ಇಳಿಯುವುದಿಲ್ಲ.

ನನ್ನ ಕಸುಬು ಮಗ್ಗಜೋಗುಳದ ಪೆಟ್ಟಿಗೆಗಳ ರಿಪೇರಿ. ನಿನಗೆ ಇದು ವಿಚಿತ್ರ ಅನಿಸಬಹುದು. ಈಗ ಬನಹಟ್ಟಿಯಲ್ಲಿ ಒಂದೂ ಮಗ್ಗವಿಲ್ಲ. ಬಟ್ಟೆಯನ್ನು ತೊಟ್ಟಿಗಳಲ್ಲಿ ಬೆಳೆಸುತ್ತಾರೆ, ಮೊಸರು ಹೆಪ್ಪುಗಟ್ಟಿದ ಹಾಗೆ ಸೀರೆ ಹೆಪ್ಪುಗಟ್ಟುತ್ತದೆ, ಬೆಳಗಾಗುವ ಹೊತ್ತಿಗೆ ಸೆರಗಿನ ಸಮೇತ ಎತ್ತಿ ಒಣಹಾಕುತ್ತಾರೆ. ಸದ್ದೇ ಇಲ್ಲ. ಆದರೆ ನಮ್ಮ ಊರಿನ ಕೂಸುಗಳಿಗೆ ಮಗ್ಗದ ಸದ್ದು ಇಲ್ಲದೆ ನಿದ್ದೆ ಬರುವುದಿಲ್ಲ ಎಂಬುದು ಇಲ್ಲಿಯ ನಂಬಿಕೆ. ಹಾಗಾಗಿ ಪ್ರತಿ ಬಾಣಂತಿಯ ಕೋಣೆಯಲ್ಲಿ ಗೋಡೆಗೆ ಒಂದು ಪೆಟ್ಟಿಗೆ ತೂಗುಹಾಕುತ್ತಾರೆ. ಅದರಿಂದ ಹಳೆಯ ಪವರ್‌ಲೂಮಿನ ಖಟಾಖಟ್ ಸದ್ದು ಹೊರಡುತ್ತದೆ, ಕೂಸು ಮಲಗುತ್ತದೆ. ಆ ಸದ್ದನ್ನು ಹಿಡಿದಿಟ್ಟವಳು ಯಾರು ಗೊತ್ತೇ? ನಿನ್ನ ಮಗಳು ದಾನೇಶ್ವರಿ. ಊರಿನ ಕೊನೆಯ ಮಗ್ಗದ ಶೆಡ್ಡು ಮುಚ್ಚುವ ದಿನ, ಮುದುಕಿಯಾದ ದಾನಿ ಹೋಗಿ ಒಂದು ತಾಸು ನಿಂತು ರೆಕಾರ್ಡ್ ಮಾಡಿಕೊಂಡು ಬಂದಳಂತೆ. ಅಂದಿನಿಂದ ಇದು ನಮ್ಮ ಮನೆತನದ ಕೆಲಸ. ಐದು ತಲೆಮಾರು ಊರಿನ ಕೂಸುಗಳನ್ನು ನಾವೇ ಮಲಗಿಸಿದ್ದೇವೆ.

ಈಗ ನನ್ನ ಮೊಮ್ಮಗಳ ವಿಷಯ. ಹೆಸರು ಚಿಗರಿ, ಏಳು ತಿಂಗಳು. ಹುಟ್ಟಿದಾಗ ಬಂದವರೆಲ್ಲ ಅವಳ ಕಣ್ಣು ನೋಡಿ, ಅಯ್ಯೋ ಎಷ್ಟು ದೊಡ್ಡ ಕಣ್ಣು, ಜಿಂಕೆಯ ಕಣ್ಣೇ, ಹೆಸರು ಸರಿಯಾಗಿ ಇಟ್ಟೀರಿ ಎಂದರು. ನನ್ನ ಮಗಳು ಇಳಾ ಹಿಗ್ಗಿದಳು. ಮೂರನೆಯ ತಿಂಗಳಿಗೆ ಬೆಳಕು ಕಂಡರೆ ಕೂಸು ಮುಖ ಮುಚ್ಚಿಕೊಳ್ಳತೊಡಗಿತು, ಕಣ್ಣಲ್ಲಿ ಸದಾ ನೀರು. ಡಾಕ್ಟರ್ ಮುಜಾವರ ನೋಡಿದರು. ಡಾಕ್ಟರ್ ಎಂಬ ಮಾತು ನಮ್ಮ ಕಾಲಕ್ಕೂ ಬದಲಾಗಿಲ್ಲ, ರೋಗವೂ ಬದಲಾಗಿಲ್ಲ. ಗ್ಲಾಕೋಮಾ. ಕಣ್ಣಿನೊಳಗಿನ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ, ಹಸುಗೂಸಿನ ಎಳೆ ಕಣ್ಣು ಆ ಒತ್ತಡಕ್ಕೆ ಬಲೂನಿನಂತೆ ಹಿಗ್ಗುತ್ತದೆ. ನಾವು ಅದನ್ನು ಚೆಲುವು ಎಂದೆವು. ನಿನ್ನ ದಾನಿಯ ಕಣ್ಣನ್ನೂ ನೀವು ಹಾಗೇ ಎಂದಿರಿ. ಆಪರೇಷನ್‌ಗೆ ಇನ್ನೂ ಎರಡು ತಿಂಗಳು ತಡ, ಅಲ್ಲಿಯತನಕ ಒತ್ತಡ ಇಳಿಸಲು ಹನಿ ಹಾಕಬೇಕು. ನೋಡು, ಚಂದ್ರನ ಮೇಲೆ ಈರುಳ್ಳಿ ಬೆಳೆಯುತ್ತೇವೆ, ಫೆಬ್ರವರಿಯನ್ನು ಉದ್ದ ಮಾಡುತ್ತೇವೆ, ಕೂಸಿನ ಕಣ್ಣಿಗೆ ಮಾತ್ರ ಇಂದಿಗೂ ಹನಿ. ಅದನ್ನೀಗ ಮಂಜಿನಂತೆ ಸಿಂಪಡಿಸುವ ಯಂತ್ರವೊಂದಿದೆ, ಅಷ್ಟೇ ವ್ಯತ್ಯಾಸ.

ಡಾಕ್ಟರ್ ಮುಜಾವರ ಕಡಿಮೆ ಅಳತೆಯಲ್ಲಿ ಶುರು ಮಾಡಿ, ಕುಲಸಾಕ್ಷಿ ತನ್ನಿ ಎಂದರು. ಕುಲಸಾಕ್ಷಿ ಎಂದರೆ, ಆ ಮನೆತನದಲ್ಲಿ ಹಿಂದೆ ಇಂಥ ಔಷಧಿ ತೆಗೆದುಕೊಂಡ ಕೂಸುಗಳು ಹೇಗಿದ್ದವು ಎಂದು ಮನೆಯವರು ಬರೆದಿಟ್ಟದ್ದು. ಹಸುಗೂಸುಗಳ ಮೇಲೆ ಔಷಧಿ ಪರೀಕ್ಷೆ ಮಾಡಲು ನಿಮ್ಮ ಕಾಲದವರಿಗೂ ಮನಸ್ಸು ಬರಲಿಲ್ಲ, ನಮ್ಮವರಿಗೂ ಬರುವುದಿಲ್ಲ. ಹಾಗಾಗಿ ಮನೆಯವರು ಕಣ್ಣಾರೆ ಕಂಡದ್ದೇ ಆಧಾರ. ನಮ್ಮ ಮನೆಯಲ್ಲಿ ಏನಿತ್ತು? ಒಂದು ಚೀಟಿಯೂ ಇರಲಿಲ್ಲ. ದಾನಿಗೆ ಚಿಕ್ಕಂದಿನಲ್ಲಿ ಕಣ್ಣಿನ ಬೇನೆಯಿತ್ತು, ಒಂದು ಕಣ್ಣು ಹೋಯಿತು, ಆದರೆ ಕೂಸಿದ್ದಾಗ ಬಹಳ ಶಾಣ್ಯಾ ಇದ್ದಳು, ಅತ್ತವಳೇ ಅಲ್ಲ, ಇಷ್ಟೇ ಬಾಯಿಂದ ಬಾಯಿಗೆ ಬಂದದ್ದು. ಶಾಣ್ಯಾ! ಆ ಮಾತು ಕೇಳಿದರೆ ಈಗ ನನ್ನ ಮೈ ಉರಿಯುತ್ತದೆ.

ಹನಿ ಶುರುವಾಗಿ ಮೂರು ವಾರಕ್ಕೆ ಚಿಗರಿಯೂ ಶಾಣ್ಯಾ ಆದಳು. ಅಳುವುದು ನಿಂತಿತು. ಹಾಲು ಅರ್ಧಕ್ಕೇ ಬಿಟ್ಟು ಮಲಗುತ್ತಿದ್ದಳು. ನಮ್ಮ ಮನೆಗಳಲ್ಲಿ ಗೋಡೆಗಿವಿ ಎಂಬುದೊಂದಿದೆ, ಕೂಸಿನ ಕೋಣೆಯ ಸದ್ದು ಕೇಳಿಸಿಕೊಂಡು ಬಣ್ಣ ತೋರಿಸುವ ಯಂತ್ರ. ಅತ್ತರೆ ಕೆಂಪು, ಸುಮ್ಮನಿದ್ದರೆ ಹಸಿರು. ದಿನವಿಡೀ ಹಸಿರು. ಒಮ್ಮೆ ನಾನು, ಹಾಲು ಕಡಿಮೆ ಕುಡಿಯುತ್ತದಲ್ಲ ಎಂದದ್ದಕ್ಕೆ ಇಳಾ, "ಅವ್ವಾ, ಸುಮ್ಕಿರು, ಗೋಡೆಗಿವಿ ಹಸಿರು ತೋರ್ಸಾಕತ್ತೈತಿ" ಎಂದಳು. ನಾನೂ ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ನೆರೆಮನೆಯವಳಿಗೆ ಹೆಮ್ಮೆಯಿಂದ ಹೇಳಿದೆ, ನಮ್ಮ ಪೆಟ್ಟಿಗೆ ಹಚ್ಚಿದರೆ ಸಾಕು ಕೂಸು ಮಿಸುಕುವುದಿಲ್ಲ, ನೇಕಾರರ ರಕ್ತ ಎಂದು. ನಿನ್ನ ಮೇಲೆ ಸಿಟ್ಟಾಗುವ ಮೊದಲು ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು.

ಕುಲಸಾಕ್ಷಿಗಾಗಿ ನಾನು ಜಮಖಂಡಿಯ ದನಿಮನೆಗೆ ಹೋದೆ. ನಿಮ್ಮ ಕಾಲದ ಫೋನುಗಳಲ್ಲಿ ಉಳಿದ ದನಿಗಳನ್ನೆಲ್ಲ ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಅಲ್ಲಿ ನೀನು ಸಿಕ್ಕೆ. ಇಳಕಲ್ಲಿನಲ್ಲಿದ್ದ ನಿನ್ನ ಅಕ್ಕನಿಗೆ ಕಳಿಸಿದ ಮೂವತ್ತೇಳು ವಾಯ್ಸ್ ಮೆಸೇಜು. ಹಿಂದೆ ಮಗ್ಗದ ಸದ್ದು, ಅದರ ಮೇಲೆ ಕೂಗಿ ಮಾತಾಡುವ ನೀನು. ನಮ್ಮವ್ವ ಸಿಟ್ಟಾದಾಗ ಹೀಗೇ ಕೂಗುತ್ತಿದ್ದಳು, ಕೇಳಿ ಕಣ್ಣಲ್ಲಿ ನೀರು ಬಂತು. ಆ ನೀರು ಬಹಳ ಹೊತ್ತು ಉಳಿಯಲಿಲ್ಲ, ಸಿಟ್ಟು ಬಂತು.

ಹನಿಯ ಹೆಸರೇನು ಎಂದು ಡಾಕ್ಟರು ಕೇಳಿದ್ದಾರೆ, ನೀನು ಮೂವತ್ತೇಳರಲ್ಲಿ ಒಂದರಲ್ಲಾದರೂ ಹೆಸರು ಹೇಳಬಾರದೇ? ಹಳದಿ ಮುಚ್ಚಳದ್ದು, ನೀಲಿ ಮುಚ್ಚಳದ್ದು, ಇಷ್ಟೇ. ಎಷ್ಟು ಹೊತ್ತಿಗೆ ಹಾಕಿದೆ? ಒಂದು ಮೆಸೇಜಿನಲ್ಲಿ ಬಾಬಿನ್‌ಗೆ ನೂಲು ತುಂಬಿ ಎದ್ದ ಮೇಲೆ, ಇನ್ನೊಂದರಲ್ಲಿ ರೊಟ್ಟಿ ಆದ ಮೇಲೆ. ಎಷ್ಟು ಹನಿ? ಅದನ್ನು ಕೇಳಿ ನಾನು ತಲೆ ಹಿಡಿದುಕೊಂಡೆ. "ಕೂಸು ಕಣ್ಣ ತಗ್ಯಾಂಗಿಲ್ಲ ಅಕ್ಕಾ, ಹನಿ ಗಲ್ಲದ ಮ್ಯಾಲ ಹೋಗತೈತಿ. ಒಳಗ ಹೋತೋ ಇಲ್ಲೋ ಅಂತ ನಾ ಇನ್ನೊಂದು ಹಾಕ್ತೀನಿ, ಒಮ್ಮೊಮ್ಮೆ ಮೂರೂ ಆಗತಾವ. ಕಣ್ಣು ಉಳದ್ರ ಸಾಕಲ್ಲ." ಕಣ್ಣು ಉಳಿಯಲೆಂದೇ ಹಾಕಿದೆ, ನನಗೆ ಗೊತ್ತು ಯವ್ವಾ. ಇದಕ್ಕಿಂತ ದೊಡ್ಡ ಪ್ರೀತಿ ಎಲ್ಲಿದೆ? ಆದರೆ ಹನಿ ಕಣ್ಣಿನಲ್ಲೇ ಕೂರುವುದಿಲ್ಲ. ಕಣ್ಣಿನ ಮೂಲೆಯಲ್ಲಿ, ಮೂಗಿನ ಕಡೆಗೆ, ಒಂದು ಸಣ್ಣ ತೂತಿದೆ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಔಷಧಿ ಆ ದಾರಿಯಲ್ಲಿ ಇಳಿದು ರಕ್ತಕ್ಕೆ ಸೇರುತ್ತದೆ. ಅರವತ್ತು ಕಿಲೋ ತೂಗುವ ನಿನ್ನ ಮಾವನಿಗೂ ಆರು ಕಿಲೋ ತೂಗುವ ದಾನಿಗೂ ಶೀಷೆಯಿಂದ ಬೀಳುವ ಹನಿ ಒಂದೇ ಅಳತೆಯದು. ಮಾವನಿಗೆ ಗೊತ್ತೇ ಆಗದ ಔಷಧಿ ಕೂಸಿಗೆ ಮೈತುಂಬ ಆಗುತ್ತದೆ. ಒಂದು ಬಗೆಯ ಹನಿ ಎದೆಬಡಿತ ನಿಧಾನ ಮಾಡುತ್ತದೆ, ಉಬ್ಬಸ ಎಬ್ಬಿಸುತ್ತದೆ. ಇನ್ನೊಂದು ಬಗೆಯದು ಮಂಪರು ತರುತ್ತದೆ, ಎಳೆಗೂಸಾದರೆ ಉಸಿರಾಡುವುದನ್ನೇ ಮರೆಸಿಬಿಡುತ್ತದೆ. ಶೀಷೆಯ ಜೊತೆ ಬಂದ ಕಾಗದದಲ್ಲಿ ಇದೆಲ್ಲ ಇತ್ತು. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ನಿನಗೆ ಬಾರದ ಇಂಗ್ಲಿಷಿನಲ್ಲಿ ಇತ್ತು. ಅದನ್ನು ಹಾಗೆ ಅಚ್ಚು ಮಾಡಿದವರ ಮೇಲಿನ ಸಿಟ್ಟು ಬೇರೆಯೇ ಇದೆ, ಅವರಿಗೆ ಬರೆಯಲು ನನ್ನ ಹತ್ತಿರ ಇನ್ನೊಂದು ಪತ್ರವಿಲ್ಲ.

ಕೂಸು ಅಳುತ್ತದೆಂದು ಕಣ್ಣಿನ ಮೂಲೆ ಒತ್ತಿ ಹಿಡಿಯುವುದನ್ನೂ ಬಿಟ್ಟೆಯಂತೆ. "ಡಾಕ್ಟರು ಎರಡು ನಿಮಿಷ ಒತ್ತಿ ಹಿಡಿ ಅಂದಿದ್ರು, ಪಾಪ ಅಳತೈತಿ, ನನ್ನ ಕೈಲಿ ಆಗಂಗಿಲ್ಲ." ಆ ಎರಡು ನಿಮಿಷವೇ ಔಷಧಿ ಮೂಗಿಗೆ ಇಳಿಯದಂತೆ ತಡೆಯುವ ಬಾಗಿಲು. ನಡುವೆ ಬದಲಾಯಿಸಿದ ಯಾವುದೋ ಹನಿಗೆ, ರೋಗವಿದ್ದ ಎಡಗಣ್ಣಿನ ರೆಪ್ಪೆಗೂದಲು ಉದ್ದ ಬೆಳೆದಾಗ ಏನು ಮಾಡಿದಿರಿ? ಊರವರ ಕಣ್ಣು ತಾಗೀತು ಎಂದು ನಿನ್ನ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು! ಒಂದೇ ಕಣ್ಣಿನ ರೆಪ್ಪೆ ಯಾಕೆ ಬೆಳೆಯಿತು ಎಂದು ಒಬ್ಬರಿಗೂ ಅನಿಸಲಿಲ್ಲವೇ? ಅದು ಕೇಡು ಮಾಡುವಂಥದ್ದಲ್ಲ, ಬಿಡು. ಆದರೆ ಔಷಧಿ ಮೈಯಲ್ಲಿ ಬೇರೇನೋ ಮಾಡುತ್ತಿದೆ ಎಂದು ಅದು ಕೂಗಿ ಹೇಳಿತ್ತು. ಚೆಂದ ಕಂಡದ್ದನ್ನೆಲ್ಲ ನಾವು ಡಾಕ್ಟರ ಹತ್ತಿರ ಹೇಳುವುದಿಲ್ಲ. ನಮ್ಮ ರೋಗವೇ ಅದು.

ಇಪ್ಪತ್ತೆಂಟನೆಯ ಮೆಸೇಜು ಹಾಕಿದಾಗ ದನಿಮನೆಯ ಕಿಟಕಿಯಲ್ಲಿ ಸಂಜೆ ಬಿಸಿಲು ಇನ್ನೂ ಇತ್ತು. ಆ ಮೆಸೇಜಿನಲ್ಲಿ ಹಿಂದೆ ಮಗ್ಗದ ಸದ್ದಿಲ್ಲ. ನಿನ್ನ ದನಿ ಮೆಲ್ಲಗಿದೆ, ಕೂಗುವ ಅಗತ್ಯವಿರಲಿಲ್ಲ. "ಅಕ್ಕಾ, ಮಧ್ಯಾಹ್ನ ಕರೆಂಟ್ ಹೋತು ನೋಡು. ಓಣ್ಯಾಗಿನ ಮಗ್ಗ ಎಲ್ಲಾ ಒಮ್ಮೆಲೇ ನಿಂತುವು. ನಿನಗ ಗೊತ್ತಲ್ಲ, ಸದ್ದು ನಿಂತ್ರ ಕೂಸುಗೋಳು ಏಳತಾವ. ಎಲ್ಲಾ ಮನ್ಯಾಗೂ ಕೂಸು ಎದ್ದು ಚೀರಾಕ ಹತ್ತಿದುವು. ನಮ್ಮ ದಾನಿ ಏಳಲೇ ಇಲ್ಲ! ಒಂದ್ ತಾಸು ಕರೆಂಟ್ ಇಲ್ಲ, ಮಿಸುಕಲಿಲ್ಲ. ಅತ್ತಿ ಅಂದ್ರು, ಇಂಥಾ ಶಾಣ್ಯಾ ಕೂಸು ಓಣ್ಯಾಗ ಇಲ್ಲ ಅಂತ." ನಿನ್ನ ನಗು ಕೇಳಿತು.

ನಾನು ಅದನ್ನು ಮತ್ತೆ ಹಾಕಿ ಕೇಳಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಬಂದೆನೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಮಗ್ಗದ ಮನೆಯ ಕೂಸು ಸದ್ದಿಗೆ ಏಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸದ್ದು ನಿಂತರೆ ಏಳುತ್ತದೆ ಎಂಬುದು ಮಗ್ಗದ ಮನೆಯವರಿಗೆ ಮಾತ್ರ ಗೊತ್ತಿತ್ತು, ಮಗ್ಗದ ಜೊತೆ ಅದೂ ಮರೆತುಹೋಗಿತ್ತು. ನಮ್ಮ ಪೆಟ್ಟಿಗೆ ಎಂದೂ ನಿಲ್ಲುವುದಿಲ್ಲವಲ್ಲ! ನಿಲ್ಲದ ಹಾಗೆ ರಿಪೇರಿ ಮಾಡುವವಳೇ ನಾನು. ಚಿಗರಿಯ ಕೋಣೆಗೆ ಹೋಗಿ ಪೆಟ್ಟಿಗೆಯ ಗುಂಡಿ ಒತ್ತಿದೆ. ಖಟಾಖಟ್ ನಿಂತಿತು. ಇಳಾ ಅಡುಗೆಮನೆಯಿಂದ ಓಡಿ ಬಂದು, ಎಬ್ಬಿಸ್ತೀಯೇನ ಕೂಸಿನ್ನ ಎಂದು ರೇಗಿದಳು. ಎಬ್ಬಿಸುವುದಕ್ಕೇ ಬಂದೀನಿ ಎಂದೆ. ಇಬ್ಬರೂ ನಿಂತು ನೋಡಿದೆವು. ಕೂಸು ಏಳಲಿಲ್ಲ. ಅಂಗಾಲು ತಟ್ಟಿದೆ, ಏಳಲಿಲ್ಲ. ಕೈ ಎತ್ತಿ ಬಿಟ್ಟೆ, ಒದ್ದೆ ಬಟ್ಟೆಯಂತೆ ಬಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ನಾನು ಐದು ಎಣಿಸಿದೆ, ಆರು ಎಣಿಸಿದೆ, ಆಮೇಲೆ ಬಂತು. ಗೋಡೆಗಿವಿ ಹಸಿರಾಗಿ ಹೊಳೆಯುತ್ತಿತ್ತು. ಅದಕ್ಕೆ ಪಾಠ ಹೇಳಿಕೊಟ್ಟವರು ಯಾರು? ಸುಮ್ಮನಿದ್ದರೆ ಸುಖ ಎಂದು ತಲೆತಲಾಂತರದಿಂದ ಹೇಳುತ್ತ ಬಂದ ನಾವೇ.

ಡಾಕ್ಟರ್ ಮುಜಾವರ ಹತ್ತು ನಿಮಿಷದಲ್ಲಿ ಬಂದರು. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಆ ಹನಿ ನಿಲ್ಲಿಸಿದರು, ಬೇರೆ ಕೊಟ್ಟರು. ಹೇಗೆ ಗೊತ್ತಾಯಿತು ಎಂದು ಕೇಳಿದಾಗ ದನಿಮನೆಯಿಂದ ನಿನ್ನ ಮೆಸೇಜು ತರಿಸಿ ಕೇಳಿಸಿದೆ. ಅವರು, "ಇದಕ್ಕಿಂತ ಛಲೋ ಕುಲಸಾಕ್ಷಿ ನಾ ನೋಡಿಲ್ರೀ" ಎಂದರು. ಹೆಸರಿಲ್ಲ, ವೇಳೆಯಿಲ್ಲ, ಅಳತೆಯಿಲ್ಲ, ಆದರೂ ಹಾಗೆಂದರು. ನೀನು ಹೊಗಳಲೆಂದು ಹೇಳಿದ ಮಾತು ನನ್ನ ಕೂಸನ್ನು ಉಳಿಸಿತು. ನಿನ್ನ ಕೂಸಿಗೆ ಮಾತ್ರ ಯಾರೂ ಆ ಮಾತು ಕೇಳಿಸಿಕೊಳ್ಳಲಿಲ್ಲ. ಇದನ್ನು ಬರೆಯುವಾಗ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಪೆನ್ನಿನ ಮೇಲೆ ಸಿಟ್ಟಾಗುತ್ತಿದ್ದೇನೆ.

ಚಿಗರಿ ಮನೆಗೆ ಬಂದ ಮೇಲೆ ನಾನು ದನಿಮನೆಗೆ ಹೋಗಿ ಉಳಿದ ಒಂಬತ್ತನ್ನೂ ಕೇಳಿದೆ. ಕರೆಂಟು ಹೋದ ಎರಡನೆಯ ದಿನ ದಾನಿಯ ತುಟಿ ನೀಲಿಯಾದದ್ದು, ಮಾವ ಬೈಕಿನಲ್ಲಿ ಆಸ್ಪತ್ರೆಗೆ ಒಯ್ದದ್ದು, ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳಿದರೆ ನೀನು, ಗೊತ್ತಿಲ್ರೀ, ನಮ್ಮ ಕೂಸು ಮೊದಲಿಂದಾನೂ ಶಾಣ್ಯಾರೀ ಎಂದದ್ದು. ಕೂಸು ಬದುಕಿತು. ಹನಿ ಬದಲಾಯಿಸುತ್ತೇವೆ, ಎಂಟು ದಿನಕ್ಕೆ ಬಾ ಎಂದರು. ನೀನು ಹೋಗಲಿಲ್ಲ. ಮನೆಗೆ ಬಂದು ಎಲ್ಲ ಶೀಷೆ ತಿಪ್ಪೆಗೆ ಎಸೆದೆ. "ಕಣ್ಣು ಹೋದ್ರ ಹೋಗಲಿ, ಕೂಸು ಇರಲಿ" ಎಂದು ಅಕ್ಕನ ಹತ್ತಿರ ನೀನು ಅತ್ತುಬಿಟ್ಟೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಕಣ್ಣು ನಿಜವಾಗಿಯೂ ಹೋಯಿತಲ್ಲೇ ಯವ್ವಾ! ಎಡಗಣ್ಣು ನಾಲ್ಕು ತಿಂಗಳಲ್ಲಿ ಹೋಯಿತು. ಕೂಸನ್ನು ಉಳಿಸಲು ಕಣ್ಣನ್ನು ಬಿಡಬೇಕು ಎಂದು ನಿನಗೆ ಯಾರು ಹೇಳಿದರು? ಬೇರೆ ಹನಿ ಇತ್ತು, ಆಪರೇಷನ್ ಇತ್ತು, ಹೋಗಿ ಕೇಳಿದ್ದರೆ ಎರಡೂ ಇರುತ್ತಿದ್ದವು. ದಾನಿ ಎಂಬತ್ತೊಂದು ವರ್ಷ ಒಂದೇ ಕಣ್ಣಿನಲ್ಲಿ ಬದುಕಿದಳು. ಎಂದೂ ನಿನ್ನನ್ನು ಬೈಯಲಿಲ್ಲವಂತೆ, ಅವಳ ಪಾಲಿನದನ್ನೂ ಸೇರಿಸಿ ಈಗ ನಾನು ಬೈಯುತ್ತಿದ್ದೇನೆ.

ಪತ್ರ ಮುಟ್ಟಿದರೆ, ಆ ಮಧ್ಯಾಹ್ನಕ್ಕೆ ಮೊದಲೇ ಮುಟ್ಟಲಿ. ಕರೆಂಟು ಹೋಗುತ್ತದೆ. ಓಣಿಯ ಕೂಸುಗಳೆಲ್ಲ ಚೀರುತ್ತವೆ. ಆಗ ನಗಬೇಡ. ದಾನಿಯ ಅಂಗಾಲು ತಟ್ಟು, ಉಸಿರು ಎಣಿಸು, ಏಳದಿದ್ದರೆ ಎತ್ತಿಕೊಂಡು ಓಡು. ಅತ್ತೆ ಏನೆಂದರೂ ಕೇಳಬೇಡ. ಎರಡು ಶೀಷೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗು, ಎಷ್ಟು ಹನಿ ಹಾಕಿದೆ ಎಂಬುದನ್ನು ನಾಚಿಕೆಯಿಲ್ಲದೆ ಹೇಳು. ಮೂರು ಎಂದರೆ ಮೂರು. ಡಾಕ್ಟರು ಬೈದರೆ ಬೈಸಿಕೋ. ಅವರು ಎಂಟು ದಿನಕ್ಕೆ ಬಾ ಎಂದರೆ ಏಳನೆಯ ದಿನವೇ ಹೋಗಿ ಕೂತುಕೋ. ನಿನ್ನಷ್ಟಕ್ಕೆ ನೀನೇ ಹೆಚ್ಚು ಹಾಕಬೇಡ, ನಿನ್ನಷ್ಟಕ್ಕೆ ನೀನೇ ನಿಲ್ಲಿಸಲೂಬೇಡ. ಮತ್ತೆ ಅಕ್ಕನಿಗೆ ಹೇಳುವಾಗ ಶಾಣ್ಯಾ ಎನ್ನಬೇಡ. ಎಷ್ಟು ಹೊತ್ತಿಗೆ ಹಾಕಿದೆ, ಎಷ್ಟು ತಾಸು ಮಲಗಿತು, ಎಷ್ಟು ಹಾಲು ಕುಡಿಯಿತು, ಅಷ್ಟು ಹೇಳು. ನಾವು ಇಲ್ಲಿ ಕೇಳಿಸಿಕೊಳ್ಳುತ್ತೇವೆ.

ನಾನು ನಮ್ಮ ಪೆಟ್ಟಿಗೆಗಳನ್ನೆಲ್ಲ ವಾಪಸ್ ತರಿಸುತ್ತಿದ್ದೇನೆ. ಮುನ್ನೂರರಲ್ಲಿ ನಲವತ್ತು ಬಂದಿವೆ. ಇನ್ನು ಮುಂದೆ ಅವು ದಿನಕ್ಕೆರಡು ಸಲ ತಾವಾಗಿಯೇ ನಿಲ್ಲುತ್ತವೆ, ಕರೆಂಟು ಹೋದ ಹಾಗೆ. ಊರವರು, ತಂಗೆವ್ವನಿಗೆ ತಲೆ ಕೆಟ್ಟಿದೆ, ಮಲಗಿದ ಕೂಸನ್ನು ಎಬ್ಬಿಸುವ ಪೆಟ್ಟಿಗೆ ಮಾಡುತ್ತಾಳೆ ಎಂದು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಮೊದಲನೆಯದನ್ನು ಚಿಗರಿಯ ಕೋಣೆಯಲ್ಲೇ ತೂಗುಹಾಕಿದ್ದೇನೆ. ಬೆಳಿಗ್ಗೆ ಹನಿ ಹಾಕಿ ಎರಡು ನಿಮಿಷ ಮೂಲೆ ಒತ್ತಿ ಹಿಡಿದದ್ದು ನಾನೇ, ಅವಳು ನನ್ನ ಬೆರಳು ಕಚ್ಚಲು ನೋಡಿದಳು. ಆಮೇಲೆ ಮಲಗಿದಳು. ನಾನು ಬಾಗಿಲ ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ.

ಈಗ ಪೆಟ್ಟಿಗೆ ನಿಂತಿತು, ಯವ್ವಾ. ಮನೆಯೆಲ್ಲ ನಿಶ್ಶಬ್ದ. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೇನೆ.

ಅತ್ತಳು. ಓಣಿಯ ಆ ತುದಿಗೆ ಕೇಳುವ ಹಾಗೆ ಅಳುತ್ತಿದ್ದಾಳೆ. ಗೋಡೆಗಿವಿ ಕೆಂಪಗಾಗಿದೆ. ಹನ್ನೊಂದು ಗಂಟೆ ಹತ್ತು ನಿಮಿಷ, ಬರೆದುಕೊಂಡೆ. ಸಾಕು, ಹೋಗಿ ಎತ್ತಿಕೊಳ್ಳುತ್ತೇನೆ.

ನಿನ್ನ
ತಂಗೆವ್ವ